ಹನ್ನೆರಡು ಅಡಿ ಮರಳು

ಸೂಲಿಬೆಲೆ

ನಮ್ಮ ಮನೆಯ ತಾರಸಿಯ ಮೇಲೆ ನಿಂತರೆ ಇಳಿಯುವ ವಿಮಾನದ ಚಕ್ರಗಳು ಕಾಣುತ್ತವೆ. ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಹೊಸದರಲ್ಲಿ ಬೆದರುತ್ತಿದ್ದ ನಮ್ಮ ಹಸುಗಳು ಈಗ ತಲೆ ಎತ್ತುವುದೂ ಇಲ್ಲ. ಇಷ್ಟು ಹತ್ತಿರ ಇದ್ದುಕೊಂಡು ನಾನು ಜೀವನದ ಮೊದಲ ವಿಮಾನವನ್ನು ಇನ್ನೇನು ತಪ್ಪಿಸಿಕೊಳ್ಳುವುದರಲ್ಲಿದ್ದೆ. ಅದಕ್ಕೆ ಕಾರಣ ಒಂದು ತೆಂಗಿನಕಾಯಿ.

ನಾನು ಭೂವಿಜ್ಞಾನ ಓದಿದವಳು. ಹೊಸಕೋಟೆ, ದೇವನಹಳ್ಳಿ ಸುತ್ತಮುತ್ತ ಇಪ್ಪತ್ತೈದು ವರ್ಷದಿಂದ ಬೋರ್‌ವೆಲ್ ಕೊರೆಯಲು ಜಾಗ ಗುರುತು ಮಾಡಿಕೊಡುತ್ತಿದ್ದೇನೆ. ಹೊಲದಲ್ಲಿ ಕಬ್ಬಿಣದ ಸರಳು ನೆಟ್ಟು, ತಂತಿ ಎಳೆದು, ನೆಲದೊಳಕ್ಕೆ ಕರೆಂಟು ಬಿಟ್ಟು, ಯಾವ ಪದರ ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡುವುದು ನನ್ನ ಕೆಲಸ. ಕೊರೆಯುವ ಜಾಗಕ್ಕೆ ನಮ್ಮಲ್ಲಿ ಪಾಯಿಂಟ್ ಎನ್ನುವುದರಿಂದ ಜನ ನನ್ನನ್ನು ಪಾಯಿಂಟ್ ಮೇಡಂ ಎನ್ನುತ್ತಾರೆ. ಸಮುದ್ರದ ತಳದ ಪದರಗಳನ್ನು ಶಬ್ದದಿಂದ ಓದುವುದನ್ನು ಕಲಿಸುತ್ತೇವೆ ಬನ್ನಿ ಎಂದು ಅಮೆರಿಕದ ಒಂದು ವಿಶ್ವವಿದ್ಯಾಲಯ ನನ್ನಂಥವರನ್ನು ಆರು ವಾರಕ್ಕೆ ಕರೆದಾಗ, ಹೇಗೂ ಸಿಗುವುದಿಲ್ಲವೆಂಬ ಧೈರ್ಯದ ಮೇಲೆ ಅರ್ಜಿ ಹಾಕಿದ್ದೆ. ಸಿಕ್ಕಿಬಿಟ್ಟಿತು.

"ಅಲ್ಲಿ ಏನ್ ಹುಡುಕ್ತಾರೆ?" ಎಂದರು ನಮ್ಮ ಯಜಮಾನರು.

"ಮರಳು."

ಅವರು ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟರು. "ಮರಳು ಬೇಕಂದ್ರೆ ನಮ್ ಲಾರಿಯೋರ್ನ ಕೇಳಿದ್ರೆ ಆಗೋದು. ಅದಕ್ಯಾಕೆ ಸಮುದ್ರದ ತಂಕ ಹೋಗ್ಬೇಕು?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಏರ್‌ಪೋರ್ಟಿನ ಹಿಂದೆಯೇ ಲೇಔಟುಗಳು ಬಂದವು, ಲೇಔಟುಗಳ ಹಿಂದೆ ಕಟ್ಟಡಗಳು ಬಂದವು, ನಮ್ಮ ಕಡೆಯ ಹೊಳೆ ಹಳ್ಳಗಳ ಮರಳೆಲ್ಲ ಲಾರಿ ಹತ್ತಿತು. ಅದು ಮುಗಿದ ಮೇಲೆ ಕೆರೆಯ ಮಣ್ಣನ್ನೇ ತೊಳೆದು ಫಿಲ್ಟರ್ ಮರಳೆಂದು ಮಾರಿದರು. ಅಂಥ ಕಡೆಯವಳು ಮರಳು ಹುಡುಕಲು ಸಮುದ್ರಕ್ಕೆ ಹೊರಟರೆ ಯಾರಿಗಾದರೂ ನಗು ಬರಬೇಕಾದ್ದೇ.

ಹೊರಡುವಾಗ ನಮ್ಮತ್ತೆ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ತೆಂಗಿನಕಾಯಿಯೊಂದನ್ನು ನನ್ನ ಕೈಚೀಲಕ್ಕೆ ಹಾಕಿದರು. "ದೋಣಿ ಹತ್ತೋಕ್ ಮುಂಚೆ ಒಡೀಬೇಕು. ಮರೀಬೇಡ" ಎಂದರು. ಏರ್‌ಪೋರ್ಟಿನಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಅದನ್ನು ಹೊರಗೆ ತೆಗೆದಳು.

"ಕಾಯಿ ಬಿಡಲ್ಲ ಮೇಡಂ."

"ಯಾಕ್ ಬಿಡಲ್ಲಮ್ಮ? ಇದೇನು ಬಾಂಬಾ?"

"ಆ ಮಾತ್ ಇಲ್ಲಿ ಆಡ್ಬೇಡಿ ಮೇಡಂ, ನನ್ ಕೆಲಸ ಹೋಗುತ್ತೆ."

ನಾನು ಬಿಡಲಿಲ್ಲ. ಅತ್ತೆಗೆ ಏನು ಹೇಳಲಿ, ಪೂಜೆಯ ವಸ್ತುವಿಗೆ ಇದೆಂಥ ಅವಮಾನ, ಒಳಗೆ ಕತ್ತರಿಯಷ್ಟು ಚೂಪಾದ ಕೊಕ್ಕಿನ ಚಪ್ಪಲಿ ಹಾಕಿಕೊಂಡವರು ಓಡಾಡುತ್ತಿದ್ದಾರಲ್ಲ, ಹೀಗೆ ಇಪ್ಪತ್ತು ನಿಮಿಷ ವಾದಿಸಿದೆ. ಆ ಹುಡುಗಿ ದೇವನಹಳ್ಳಿ ಪಕ್ಕದ ವಿಜಯಪುರದವಳಂತೆ. ಕೊನೆಗೆ ಸುಮ್ಮನೆ ನನ್ನನ್ನು ಮೇಜಿನ ಆ ಬದಿಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಬುಟ್ಟಿ ತೋರಿಸಿದಳು. ಅದರ ತುಂಬ ತೆಂಗಿನಕಾಯಿ. "ದಿನಾ ಇಷ್ಟಾಗುತ್ತೆ ಮೇಡಂ. ಎಲ್ರ ಮನೇಲೂ ಅತ್ತೆ ಇದಾರೆ" ಎಂದಳು. ಅಷ್ಟು ಹೊತ್ತಿಗೆ ನನ್ನ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದ್ದರು. ಸೀರೆ ಎತ್ತಿಕಟ್ಟಿ ಓಡಿದೆ.

ನಿಜ ಹೇಳಬೇಕೆಂದರೆ ತೆಂಗಿನಕಾಯಿ ಎಂದರೆ ನನಗೆ ಮೊದಲೇ ಆಗುವುದಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಮುನಿಶಾಮಣ್ಣ ಎಂಬುವರಿದ್ದಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ನೀರಿರುವ ಕಡೆ ಕಾಯಿ ಎದ್ದು ನಿಲ್ಲುತ್ತದಂತೆ. ನಿಂತ ತಕ್ಷಣ "ಆರ್ನೂರೈವತ್ತಡಿ, ಎರಡೂವರೆ ಇಂಚು ನೀರು" ಎಂದು ಹೇಳಿಬಿಡುತ್ತಾರೆ. ನಾನು ದಿನವೆಲ್ಲ ಬಿಸಿಲಲ್ಲಿ ಬೆಂದು, "ಐನೂರರಿಂದ ಎಂಟುನೂರರ ಒಳಗೆ ಸಾಧ್ಯತೆ ಇದೆ, ಖಚಿತವಾಗಿ ಹೇಳಲಾಗದು" ಎಂದರೆ ರೈತರ ಮುಖ ಬಾಡುತ್ತದೆ. ಮಾರನೆಯ ದಿನ ಮುನಿಶಾಮಣ್ಣನ ಮನೆಮುಂದೆ ನಿಂತಿರುತ್ತಾರೆ. ಹಾಗಾಗಿ ವರ್ಷಗಳ ಹಿಂದೆಯೇ ನಾನೂ ಒಂದು ಅಡಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಕೇಳಿದವರಿಗೆ ಸಮಾಧಾನ, ನನಗೂ ಕೆಲಸ. ಈ ಅಭ್ಯಾಸವನ್ನು ಯಾವ ತಪಾಸಣೆಯವರೂ ಹಿಡಿಯಲಿಲ್ಲ, ನನ್ನ ಜೊತೆಯಲ್ಲೇ ವಿಮಾನ ಹತ್ತಿತು.

ದ್ವೀಪದ ಪಡುವಣ ತುದಿ

ಮೂರು ವಿಮಾನ, ಒಂದು ಬಸ್ಸು, ಒಂದು ಸೇತುವೆ. ಸೇತುವೆ ಮುಗಿದ ಮೇಲೆ ದ್ವೀಪ. ಹೆಸರು ಬರೆಯುವುದಿಲ್ಲ. ಚಿಕ್ಕ ಊರು, ಮತ್ತು ನಾನು ಅಲ್ಲಿ ಮಾಡಿದ ಕೆಲಸಕ್ಕೆ ಹೆಸರು ಹೇಳುವ ಮುಖ ನನಗಿಲ್ಲ. ಮೆಕ್ಸಿಕೋ ಕೊಲ್ಲಿಯ ದಂಡೆಯ ಮುಂದೆ ಇಂಥ ತಡೆದ್ವೀಪಗಳು ಸಾಲಾಗಿವೆ ಎಂದರೆ ಸಾಕು. ನಮ್ಮ ಕಡೆಯ ಕೆರೆ ಏರಿಯೊಂದನ್ನು ಕಿತ್ತು ತಂದು ಸಮುದ್ರದಲ್ಲಿ ಉದ್ದಕ್ಕೆ ಮಲಗಿಸಿದರೆ ಹೇಗಿರುತ್ತದೋ ಹಾಗೆ. ಪೂರ್ತಿ ಮರಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೊಂಡು ಬೆಳೆದ ಹಿನ್ನೀರು, ನಡುವೆ ಒಂದೇ ರಸ್ತೆ. ಬಿರುಗಾಳಿಯ ಏಟನ್ನು ಮೊದಲು ತಿಂದು ಹಿಂದಿನ ನೆಲವನ್ನು ಕಾಯುವುದು ಇದರ ಪಾಡು. ಏಟು ತಿಂದೂ ತಿಂದೂ ಮರಳು ಕೊಚ್ಚಿಹೋಗಿ ದ್ವೀಪ ತೆಳ್ಳಗಾಗುತ್ತಿತ್ತು. ಹತ್ತಿರದ ಸಮುದ್ರದ ತಳದಲ್ಲಿ ಒಳ್ಳೆಯ ಮರಳಿನ ಪದರ ಸಿಕ್ಕರೆ ಅದನ್ನು ಪಂಪಿನಿಂದ ಎತ್ತಿ ದಂಡೆಗೆ ತುಂಬುತ್ತಾರೆ. ಆ ಪದರ ಎಲ್ಲಿದೆಯೆಂದು ನಕ್ಷೆ ಮಾಡುವುದೇ ನಮ್ಮ ಸಮೀಕ್ಷೆ.

ನನ್ನ ವಾಸ ಡೋರಿಸ್ ಎಂಬಾಕೆಯ ಮನೆಯಲ್ಲಿ. ಅರವತ್ತು ದಾಟಿದ ಗಟ್ಟಿ ಹೆಂಗಸು, ಮುಂಗೈ ಮಾತ್ರ ಪೈಲ್ವಾನನದು. ಏಡಿ ಹಿಡಿಯುವುದು ಅವಳ ಕಸುಬು. ಮನೆ ಎರಡಾಳೆತ್ತರದ ಮರದ ಕಂಬಗಳ ಮೇಲೆ ನಿಂತಿತ್ತು, ಕೆಳಗಿನ ಖಾಲಿ ಜಾಗದಲ್ಲಿ ತಂತಿಯ ಏಡಿ ಬುಟ್ಟಿಗಳು ರಾಶಿ ಬಿದ್ದಿದ್ದವು. ಹಿಂಬಾಗಿಲಿನಿಂದ ಹದಿನಾಲ್ಕು ಮೆಟ್ಟಿಲು ಇಳಿದರೆ ಮರಳು, ಅದರಾಚೆ ಸಮುದ್ರ.

ಐವತ್ತು ದಾಟಿದ ನನ್ನನ್ನು ಅವಳು ಮೊದಲ ದಿನದಿಂದ ಬೇಬಿ ಎಂದಳು. ನನ್ನನ್ನು ಮಾತ್ರವಲ್ಲ, ಪೋಸ್ಟಿನವನನ್ನೂ ನಮ್ಮ ದೋಣಿಯ ಕ್ಯಾಪ್ಟನ್ನನನ್ನೂ ಬೇಬಿ ಎನ್ನುತ್ತಿದ್ದಳು. ಬೆಳಿಗ್ಗೆ ಜೋಳದ ರವೆಯ ಗಂಜಿ ಕೊಟ್ಟಳು. ಅದಕ್ಕೆ ಉಪ್ಪಿಲ್ಲ, ಬೆಣ್ಣೆ ಮಾತ್ರ ಕೆರೆಯಂತೆ ನಿಂತಿತ್ತು. ನಮ್ಮೂರ ಅಂಬಲಿಯೇ ವಾಸಿ ಎಂದುಕೊಂಡು ನುಂಗಿದೆ. ಮನೆಯೊಳಗೆ ಎ.ಸಿ. ಹಾಕಿಕೊಂಡು ಸ್ವೆಟರ್ ತೊಡುತ್ತಾರೆ. ಬೆಚ್ಚಗಾಗಬೇಕೆಂದರೆ ಹೊರಗೆ ಬಂದು ಕೂರುತ್ತಾರೆ. ಎ.ಸಿ. ಆರಿಸಬಹುದಲ್ಲ ಎಂದರೆ ನನಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ಮೂರನೆಯ ದಿನ ನಾನು ಅದನ್ನು ಓದುತ್ತಿದ್ದುದನ್ನು ನೋಡಿ ಅವಳೇ ಹೇಳಿದಳು. (ಅವರ ಇಂಗ್ಲಿಷು ನನಗೆ ಅರ್ಥವಾದದ್ದು ನನ್ನ ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ.) ಪಡುವಣ ತುದಿಯ ಮನೆಗಳನ್ನು ಸರ್ಕಾರ ಕೊಂಡುಕೊಂಡು, ಜನರನ್ನು ಒಳನಾಡಿಗೆ ಕಳಿಸುತ್ತದೆ. ಒಪ್ಪುವವರು ಮೂರು ವಾರದಾಚೆಯ ಸೋಮವಾರದೊಳಗೆ ಸಹಿ ಹಾಕಬೇಕು. ಆಮೇಲೆ ಕೇಳುವಂತಿಲ್ಲ.

"ಹಾಕ್ತೀಯಾ?" ಎಂದೆ.

"ಮರಳು ಇದೆ ಅಂದ್ರೆ ದಂಡೆ ತುಂಬ್ತಾರೆ, ನಾನ್ಯಾಕೆ ಹೋಗ್ಲಿ? ಇಲ್ಲ ಅಂದ್ರೆ ಹಾಕ್ಲೇಬೇಕು. ಒಳನಾಡಲ್ಲಿ ಏಡಿ ಎಲ್ಲಿ ಹಿಡೀಲಿ, ಪಾರ್ಕಿಂಗ್ ಲಾಟ್‌ನಲ್ಲಾ?" ಎಂದು ಬಟ್ಟಲು ತೊಳೆಯಲು ತಿರುಗಿದಳು.

ಸಮೀಕ್ಷೆಯ ವರದಿ ಬರುವುದು ಆರು ತಿಂಗಳ ಮೇಲೆ. ಸಹಿಯ ಗಡುವು ಮೂರು ವಾರ. ಇಂಥ ಜೋಡಣೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಮಾತ್ರ ಸಾಧ್ಯ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ದೋಣಿ

ನಮ್ಮ ಸಮೀಕ್ಷೆಯ ಮುಖ್ಯಸ್ಥೆ ಹೆಲೆನ್. ತೆಳ್ಳಗೆ ಉದ್ದಕ್ಕಿದ್ದಳು. ಆರಿದ ಕಾಫಿಯನ್ನೇ ಕುಡಿಯುತ್ತಿದ್ದಳು, ಬಿಸಿ ಇದ್ದರೆ ಆರುವವರೆಗೆ ಕಾಯುತ್ತಿದ್ದಳು. ಮೊದಲ ದಿನವೇ ನಮ್ಮಿಂದ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಳು. ದೋಣಿಯಲ್ಲಿ ಕಂಡದ್ದನ್ನು ಕೊನೆಯ ವರದಿ ಬರುವ ಮುಂಚೆ ಹೊರಗೆ ಯಾರಿಗೂ ಹೇಳಬಾರದು. ನಾನು ನಮ್ಮ ಬ್ಯಾಂಕಿನ ಫಾರಂಗೆ ಸಹಿ ಮಾಡುವಂತೆ ಓದದೆಯೇ ಮಾಡಿದೆ.

ಕೆಲಸ ಹೀಗೆ. ಹಳದಿ ಬಣ್ಣದ ಒಂದು ಯಂತ್ರವನ್ನು ಉದ್ದನೆಯ ಕೇಬಲ್ಲಿಗೆ ಕಟ್ಟಿ ದೋಣಿಯ ಹಿಂದೆ ನೀರಿನೊಳಗೆ ಎಳೆಯುತ್ತಾರೆ. ಅದನ್ನು ಮೀನು ಎಂದೇ ಕರೆಯುತ್ತಾರೆ. ಆ ಮೀನು ಹಲ್ಲಿಯಂತೆ ಲೊಚಗುಟ್ಟುತ್ತ ತಳದ ಕಡೆಗೆ ಶಬ್ದ ಬಿಡುತ್ತದೆ. ಶಬ್ದ ತಳಕ್ಕೆ ತಗುಲಿ ಸ್ವಲ್ಪ ವಾಪಸಾಗುತ್ತದೆ, ಉಳಿದದ್ದು ಒಳಕ್ಕಿಳಿದು ಮುಂದಿನ ಪದರಕ್ಕೆ ತಗುಲಿ ಹಿಂದಿರುಗುತ್ತದೆ. ಬಂದ ಮಾರ್ದನಿಗಳನ್ನೆಲ್ಲ ಗೆರೆಗೆ ಗೆರೆ ಜೋಡಿಸಿದರೆ ಪರದೆಯ ಮೇಲೆ ತಳದೊಳಗಿನ ಪದರಗಳ ಚಿತ್ರ ಮೂಡುತ್ತದೆ. ದೋಣಿ ಹೊಲ ಉಳುವಂತೆ ಅತ್ತಿಂದಿತ್ತ, ಇತ್ತಿಂದತ್ತ ಸಾಲು ಹೊಡೆಯಬೇಕು. ತಿರುಗುವಾಗ ಕೇಬಲ್ ಸುತ್ತಿಕೊಳ್ಳದಂತೆ ಊರು ಸುತ್ತಿದ ಹಾಗೆ ದೊಡ್ಡ ತಿರುವು ತೆಗೆದುಕೊಳ್ಳಬೇಕು. ಒಂದು ಸಾಲಿಗೆ ಒಂದೂವರೆ ಗಂಟೆ. ಅಲೆ ಎದ್ದರೆ ಚಿತ್ರ ಕೆಟ್ಟಿತು, ಅದೇ ಸಾಲು ಮತ್ತೆ.

ನನ್ನ ಹೊಟ್ಟೆ ಮೊದಲ ಸಾಲಿನಲ್ಲೇ ಕೈಕೊಟ್ಟಿತು. ನೆಲವನ್ನು ಇಪ್ಪತ್ತೈದು ವರ್ಷ ಓದಿದವಳಿಗೆ ಕಾಲ ಕೆಳಗಿನ ನೆಲವೇ ತೂಗಿದರೆ ಏನು ಮಾಡುವುದು? ಬಕೆಟ್ಟು ಹಿಡಿದು ಕೂತೆ. ಕ್ಯಾಪ್ಟನ್ ಬಂದು ಶುಂಠಿ ಬಿಸ್ಕತ್ತು ಕೊಟ್ಟ, ಅದೂ ಬಕೆಟ್ಟಿಗೆ ಹೋಯಿತು. ದಿಗಂತ ನೋಡು ಎಂದ. ನೋಡಿದೆ. ದಿಗಂತವೂ ತೂಗುತ್ತಿತ್ತು. ಕಾಯಿ ಒಡೆಯದೆ ದೋಣಿ ಹತ್ತಿದ್ದಕ್ಕೇ ಹೀಗಾಗಿದೆಯೆಂದು ನಮ್ಮತ್ತೆ ಹೇಳುವುದು ನನಗೆ ಅಲ್ಲಿಂದಲೇ ಕೇಳಿಸಿತು.

ಹೊಟ್ಟೆಗಿಂತ ಹೆಚ್ಚು ತಲೆ ಕೆಡಿಸಿದವಳು ಹೆಲೆನ್. ಪರದೆಯ ಮೇಲೆ ಏನಾದರೂ ಕಂಡು "ಇದು ಹಳೆಯ ಹೊಳೆಯ ಪಾತ್ರ ಅಲ್ಲವೇ?" ಎಂದರೆ, "ಇರಬಹುದು" ಎನ್ನುವಳು. "ಇದು ಜೇಡಿಯೇ?" "ಇರಬಹುದು." "ಯಾವಾಗ ಗೊತ್ತಾಗುತ್ತದೆ?" "ಕೊಳವೆ ಇಳಿಸಿದ ಮೇಲೆ." ಒಂದು ಭಾಗದ ಸಾಲುಗಳು ಮುಗಿದ ಮೇಲೆ ಅಲ್ಲಿನ ತಳಕ್ಕೆ ಉದ್ದನೆಯ ಕೊಳವೆಯನ್ನು ನಡುಗಿಸುತ್ತ ಇಳಿಸಿ ಮಣ್ಣಿನ ಮಾದರಿ ಎತ್ತುವುದಿತ್ತು. ಅಲ್ಲಿಯವರೆಗೆ ಅವಳ ಬಾಯಿಂದ ಒಂದು ಖಚಿತ ಮಾತು ಬರಲಿಲ್ಲ. ಇಂಥವಳು ಹೊಸಕೋಟೆಯಲ್ಲಿ ಪಾಯಿಂಟ್ ಮಾಡಲು ನಿಂತಿದ್ದರೆ ಎರಡನೆಯ ದಿನ ಅವಳ ಜೀಪಿಗೆ ಡೀಸೆಲ್ ಹಾಕಿಸುವವರು ಇರುತ್ತಿರಲಿಲ್ಲ.

ಮೂರನೆಯ ವಾರ, ದ್ವೀಪದ ಪಡುವಣ ತುದಿಯ ಎದುರಿಗೇ ಸಾಲು ಹೊಡೆಯುವಾಗ, ಪರದೆಯ ಮೇಲೆ ಒಂದು ದಪ್ಪ ಕಪ್ಪು ಪಟ್ಟೆ ಎದ್ದಿತು. ತಳದಿಂದ ತುಸು ಕೆಳಗೆ, ನೇರವಾಗಿ, ಮೈಲಿಗಟ್ಟಲೆ. ಅದರ ಕೆಳಗೆ ಏನೂ ಇಲ್ಲ, ಪೂರ್ತಿ ಬಿಳುಪು. ಶಬ್ದ ಒಳಗೆ ಹೋಗದೆ ಅಲ್ಲೇ ಬಡಿದು ವಾಪಸು ಬರುತ್ತಿದೆಯೆಂದರೆ ಅದು ಗಟ್ಟಿ, ಒತ್ತೊತ್ತಾದ ಮರಳಿರಬೇಕು. ಅಂಚಿನಲ್ಲಿ ಒಂದು ಕಡೆ ಕೆಳಗೆ ಮಸುಕಾದ ಗೆರೆ ಕಂಡಿತು. ಅದೇ ಮರಳಿನ ಅಡಿಭಾಗವೆಂದು ಲೆಕ್ಕ ಹಾಕಿದೆ. ಹನ್ನೆರಡು ಅಡಿ ದಪ್ಪ. ನನಗೆ ವಾಂತಿ ಮರೆತುಹೋಯಿತು. ಹೆಲೆನ್ನಳ ಕಡೆ ನೋಡಿದೆ.

"ಇರಬಹುದು" ಎಂದಳು.

ಏಡಿ ಬುಟ್ಟಿ

ನೀರಿನ ಮೇಲೆ ಅಲ್ಲಲ್ಲಿ ಚೆಂಡಿನಂಥ ಬಣ್ಣದ ಬುರುಡೆಗಳು ತೇಲುತ್ತಿರುತ್ತವೆ. ಒಂದೊಂದರ ಕೆಳಗೂ ಹಗ್ಗ, ಹಗ್ಗದ ತುದಿಯಲ್ಲಿ ತಳದ ಮೇಲೆ ಏಡಿ ಬುಟ್ಟಿ. ಯಾರ ಬುಟ್ಟಿ ಯಾವುದೆಂದು ಬಣ್ಣದಿಂದ ಗೊತ್ತಾಗುತ್ತದೆ. ನಮ್ಮ ಕೇಬಲ್ಲಿಗೆ ಅವು ಸಿಕ್ಕಿಕೊಳ್ಳದಂತೆ ಮುಂದೆ ನಿಂತು ಕೂಗಿ ಹೇಳಬೇಕು. ಆ ಶನಿವಾರ ಮಧ್ಯಾಹ್ನ ಆ ಪಾಳಿ ನನ್ನದು. ನಾನು ಕಪ್ಪು ಪಟ್ಟೆ ಇನ್ನೂ ಮುಂದುವರಿದಿದೆಯೋ ಎಂದು ಕಿಟಕಿಯಿಂದ ಪರದೆ ಇಣುಕುತ್ತಿದ್ದೆ. ದೋಣಿ ಗಕ್ಕನೆ ಜಗ್ಗಿತು. ಮೀನನ್ನು ಮೇಲೆತ್ತಿದಾಗ ಅದರ ಬಾಲಕ್ಕೆ ಹಗ್ಗ, ಹಗ್ಗಕ್ಕೆ ಜಜ್ಜಿಹೋದ ಎರಡು ಬುಟ್ಟಿ, ಹಸಿರು ಹಳದಿ ಬಳಿದ ಎರಡು ಬುರುಡೆ.

"ಡೋರಿಸಳದು" ಎಂದ ಕ್ಯಾಪ್ಟನ್. ಹೆಲೆನ್ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಸಂಜೆ ಬುಟ್ಟಿಗಳನ್ನು ನಾನೇ ಹೊತ್ತುಕೊಂಡು ಹೋಗಿ ಮನೆ ಕೆಳಗೆ ಇಟ್ಟೆ. ಡೋರಿಸ್ ಅವನ್ನು ಕಾಲಿನಿಂದ ಹೊರಳಿಸಿ ನೋಡಿದಳು. "ಓದಿದೋರಿಗೆ ಕಣ್ಣಿರಲ್ವಾ ಬೇಬಿ? ಇಷ್ಟ್ ದೊಡ್ಡ ಬುರುಡೆ, ಹಸಿರು ಹಳದಿ" ಎಂದಳು. ಮತ್ತೆ ಒಂದು ಇಕ್ಕಳವನ್ನು ನನ್ನ ಕೈಗೆ ತುರುಕಿ, ಕೂತ್ಕೋ, ಹೊಸದು ಕಟ್ಟು ಎಂದಳು.

ಕಟ್ಟಿದೆ. ತಂತಿಯ ಬಲೆಯನ್ನು ಮಡಿಸಿ ಮೂಲೆ ಮೂಲೆಗೆ ಉಂಗುರ ಹಾಕಬೇಕು. ಕೈ ತರಚಿತು. ನಮ್ಮ ಕಡೆ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯುತ್ತಿದ್ದುದನ್ನು, ಕುಟ್ಟಿ ಸಾರು ಮಾಡಿ ಮೆಣಸು ಹಾಕಿ ನೆಗಡಿಗೆ ಕುಡಿಯುತ್ತಿದ್ದುದನ್ನು ಹೇಳಿದೆ. ಬಿಲಕ್ಕೆ ಬರಿಗೈ ಹಾಕುವವರು ಹುಚ್ಚರು ಎಂದಳು, ಆದರೆ ಸಾರು ಮಾಡುವುದನ್ನು ಎರಡು ಸಲ ಕೇಳಿ ತಿಳಿದುಕೊಂಡಳು. ಸಿಟ್ಟು ಇಳಿದಿತ್ತು. ಎರಡನೆಯ ಬುಟ್ಟಿಗೆ ಬರುವ ಹೊತ್ತಿಗೆ ತಲೆ ಎತ್ತದೆ ಕೇಳಿದಳು.

"ನಾಡಿದ್ದು ಸೋಮವಾರ. ಆ ಹೆಲೆನ್‌ನ ಕೇಳಿದ್ರೆ ಗೋಡೆ ಕೇಳ್ದಂಗೆ. ನೀನು ಹೇಳು. ಮರಳು ಇದ್ಯಾ?"

ನನಗೆ ಹೆಲೆನ್ ನೆನಪಾದಳು. ಸಹಿ ಹಾಕಿದ ಕಾಗದವೂ ನೆನಪಾಯಿತು. ಆದರೆ ಅವಳ ಬುಟ್ಟಿ ಮುರಿದವಳು ನಾನು, ಅವಳ ಅನ್ನ ತಿನ್ನುತ್ತಿದ್ದವಳು ನಾನು, ಮತ್ತು ಆ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದಿಂದ ಹೊಲ ಹೊಲದಲ್ಲಿ ಕೇಳಿಸಿಕೊಂಡವಳು. ಯೋಚಿಸುವ ಮೊದಲೇ ಬಾಯಿ ತನ್ನ ಕೆಲಸ ಮಾಡಿತು.

"ಇದೆ. ಹನ್ನೆರಡು ಅಡಿ."

ಇರಬಹುದು ಎನ್ನಲಿಲ್ಲ. ನನ್ನ ಅಂದಾಜು ಎನ್ನಲಿಲ್ಲ. ಡೋರಿಸ್ ಇಕ್ಕಳ ಕೆಳಗಿಟ್ಟು ನನ್ನ ಮುಖ ನೋಡಿದಳು. "ಹನ್ನೆರಡು" ಎಂದಳು. ಆಮೇಲೆ ಎದ್ದು ಹೋಗಿ ಒಂದು ಬೋಗುಣಿ ತುಂಬ ಬೇಯಿಸಿದ ಏಡಿ ತಂದಳು. ಅಷ್ಟೊಂದು ಖುಷಿಯಾಗಿ ನಾನು ಆ ದೇಶದಲ್ಲಿ ಊಟ ಮಾಡಿದ್ದು ಅದೊಂದೇ ಸಲ. ಮೆಣಸಿನಪುಡಿ ಇಲ್ಲವೆಂಬುದನ್ನೂ ಮರೆತೆ.

ಸೋಮವಾರ ಫ್ರಿಜ್ಜಿನ ಬಾಗಿಲು ಬರಿದಾಗಿತ್ತು. ಕಾಗದವನ್ನು ಏಡಿ ಬೇಯಿಸುವ ಒಲೆ ಹೊತ್ತಿಸಲು ಬಳಸಿದೆ ಎಂದಳು. ನನಗೆ ಹೆಮ್ಮೆಯಾಯಿತು. ಮುಚ್ಚಿಡದೆ ಬರೆಯುತ್ತೇನೆ, ಅವತ್ತು ನನಗೆ ಹೆಮ್ಮೆಯಾಗಿತ್ತು.

ಕೊಳವೆ ಬಂದ ದಿನ

ಬುಧವಾರ ಕೊಳವೆ ಇಳಿಸುವ ದೊಡ್ಡ ದೋಣಿ ಬಂತು. ಮೊದಲನೆಯ ಜಾಗ ಪಡುವಣ ತುದಿಯ ಎದುರು, ನನ್ನ ಕಪ್ಪು ಪಟ್ಟೆಯ ಮೇಲೆ. ಬೋರ್‌ವೆಲ್ ಲಾರಿಯ ಮುಂದೆ ಮೊದಲ ನೀರಿಗೆ ಕಾಯುವ ರೈತನಂತೆ ನಾನು ಕಟಕಟೆ ಹಿಡಿದು ನಿಂತೆ. ಕೊಳವೆ ಗಡಗಡ ನಡುಗುತ್ತ ಇಳಿಯಿತು. ಸಲೀಸಾಗಿ ಇಳಿಯಿತು. ಗಟ್ಟಿ ಮರಳಿಗೆ ಅಷ್ಟು ಸಲೀಸು ಸಲ್ಲದು.

ಮೇಲೆತ್ತಿ, ಮೇಜಿನ ಮೇಲೆ ಮಲಗಿಸಿ, ಉದ್ದಕ್ಕೆ ಸೀಳಿದರು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಮೇಲೆ ಒಂದು ಗೇಣು ಮರಳು. ಅದರ ಕೆಳಗೆ ಒಂಬತ್ತು ಅಡಿ ಕಪ್ಪು ಕೆಸರು, ನಮ್ಮ ಕೆರೆಗಳಲ್ಲಿ ಹೂಳು ತೆಗೆಯುವಾಗ ಬರುವಂಥದ್ದೇ. ನಡುನಡುವೆ ಜೊಂಡಿನ ಬೇರು, ಸಣ್ಣ ಸಣ್ಣ ಗುಳ್ಳೆ. ಹೆಲೆನ್ ಬೆರಳಿನಿಂದ ಒಂದು ಗುಳ್ಳೆಯನ್ನು ಒಡೆದು ತೋರಿಸಿದಳು.

"ಇದು ಹಳೆಯ ಜೌಗು. ಯಾವ ಕಾಲದಲ್ಲೋ ದ್ವೀಪದ ಹಿಂದಿದ್ದದ್ದು, ದ್ವೀಪವೇ ಹಿಂದೆ ಸರಿದಾಗ ಇದು ಸಮುದ್ರದ ಪಾಲಾಗಿದೆ. ಬೇರು ಕೊಳೆತು ಗ್ಯಾಸ್ ಕಟ್ಟಿಕೊಂಡಿದೆ. ಗ್ಯಾಸಿಗೆ ಬಡಿದರೆ ಶಬ್ದ ಒಳಗೆ ಹೋಗುವುದಿಲ್ಲ, ಪೂರ್ತಿ ವಾಪಸು ಬರುತ್ತದೆ. ನೋಡಲು ಮರಳಿನ ಹಾಗೇ ಇರುತ್ತದೆ. ನಾನೂ ಹಿಂದೆ ಮೋಸಹೋಗಿದ್ದೇನೆ. ಅದಕ್ಕೇ ಕೊಳವೆ" ಎಂದಳು.

ಅವಳು ನನ್ನೊಂದಿಗೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ, ಡೋರಿಸಳಿಗೆ ಹೇಳಿದ್ದನ್ನು ಹೇಳಿದೆ.

ಹೆಲೆನ್ ಕೈಯ ಕೆಸರನ್ನು ಒರೆಸಿಕೊಂಡಳು. "ಅಡಿ ಹೇಳಿದೆಯಾ?" ಎಂದು ಕೇಳಿದಳು.

"ಹೇಳಿದೆ."

"ದೋಣಿ ದಡಕ್ಕೆ ತಿರುಗಿಸಲು ಹೇಳುತ್ತೇನೆ. ಇವತ್ತೇ ಹೋಗಿ ಅವಳಿಗೆ ತಿಳಿಸು" ಎಂದಳು. ವಿಶ್ವವಿದ್ಯಾಲಯಕ್ಕೆ ಏನು ಬರೆದಳೋ ನನಗೆ ಗೊತ್ತಿಲ್ಲ. ಕೊನೆಯವರೆಗೆ ನನ್ನನ್ನು ಪರದೆಯ ಮುಂದೆ ಕೂರಿಸಲಿಲ್ಲ, ಬುರುಡೆ ನೋಡುವ ಕೆಲಸವನ್ನೇ ಕೊಟ್ಟಳು. ಒಂದೂ ತಪ್ಪಲಿಲ್ಲ.

ಹಿಂಬಾಗಿಲ ಮೆಟ್ಟಿಲು

ದಾರಿಯಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ವರದಿಗೆ ಮುಂಚೆ ಗಡುವು ಇಟ್ಟ ಕಚೇರಿಯವರ ಮೇಲೆ, ಬಾಯಿ ಬಿಡದ ಹೆಲೆನ್ ಮೇಲೆ, ಮೆದು ಕೆಸರಾಗಿದ್ದೂ ಗಟ್ಟಿ ನೆಲದಂತೆ ನಟಿಸಿದ ಆ ಜೌಗಿನ ಮೇಲೆ, ಮುನಿಶಾಮಣ್ಣನ ಮೇಲೆ ಕೂಡ. ಮನೆ ಮುಟ್ಟುವ ಹೊತ್ತಿಗೆ ಯಾರೂ ಉಳಿಯಲಿಲ್ಲ, ನಾನೊಬ್ಬಳೇ ಉಳಿದೆ.

ಡೋರಿಸ್ ಮನೆ ಕೆಳಗೆ ಬುರುಡೆಗಳಿಗೆ ಬಣ್ಣ ಬಳಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮರಳಿಲ್ಲ, ಕೆಸರು. ನಾನು ನೋಡಿದ್ದು ತಪ್ಪು.

ಅವಳು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ಹನ್ನೆರಡು ಅಂದೆ."

"ಅಂದೆ."

"ಇರಬಹುದು ಅನ್ನಲಿಲ್ಲ."

"ಅನ್ನಲಿಲ್ಲ."

ಮೇಲೆ ಹೋಗಿ ಕಚೇರಿಗೆ ಫೋನ್ ಮಾಡಿದಳು. ನನಗೆ ಕೆಳಗೆ ಅವಳ ಅರ್ಧ ಮಾತು ಮಾತ್ರ ಕೇಳಿಸುತ್ತಿತ್ತು. ಹೌದು, ಸೋಮವಾರ, ಗೊತ್ತು. ಎರಡೇ ದಿನ. ಹಾಗಾದರೆ ಮುಂದೆ ಯಾವಾಗ? ಸರಿ. ಪಟ್ಟಿ ಆಗಲೇ ಹೋಗಿಯಾಗಿತ್ತು. ಮುಂದೆ ಇನ್ನೊಂದು ಪಟ್ಟಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದರಂತೆ. ನಾನು ಫೋನ್ ತೆಗೆದುಕೊಂಡು ತಪ್ಪು ನನ್ನದೆಂದು ಅವರಿಗೆ ಹೇಳಲೇ ಎಂದು ಕೇಳಿದೆ. ಹೇಳಿದರೂ ಪ್ರಯೋಜನವಿಲ್ಲ ಎಂದಳು.

ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ನಮ್ಮಲ್ಲಾದರೆ ಬಾವಿ ಬತ್ತಿದ ಹೊಲದವರು ಮನೆಮುಂದೆ ಬಂದು, ನೆಂಟರಿಷ್ಟರನ್ನೆಲ್ಲ ಸೇರಿಸಿ ಬೈಯುತ್ತಾರೆ. ಬೈದು ಮುಗಿದ ಮೇಲೆ ಕಾಫಿ ಕುಡಿಯುತ್ತಾರೆ. ಈಕೆ ಒಳಗಿನಿಂದ ಉದ್ದನೆಯ ಅಳತೆ ಟೇಪು ತಂದಳು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಹಿಂಬಾಗಿಲ ಮೆಟ್ಟಿಲ ಸಾಲಿನ ಕೊನೆಯ ಮೆಟ್ಟಿಲಿಗೆ ಒತ್ತಿ ಹಿಡಿ ಎಂದಳು. ಹಿಡಿದೆ. ಅವಳು ಟೇಪು ಬಿಚ್ಚುತ್ತ ಸಮುದ್ರದ ಕಡೆ ನಡೆದಳು. ಸಮುದ್ರ ಉಕ್ಕಿ ಬರುವ ಭರತದ ಹೊತ್ತು. ನೀರು ತಾಗಿದ ಕಡೆ ಬಗ್ಗಿ ನೋಡಿ ಕೂಗಿದಳು.

"ಅರವತ್ತೆರಡು ಅಡಿ."

ಟೇಪು ಸುತ್ತುತ್ತ ವಾಪಸು ಬಂದಳು. "ಇನ್ಮೇಲೆ ನಾನೇ ಅಳೀತೀನಿ. ನಿನಗೂ ಬರೆದು ತಿಳಿಸ್ತೀನಿ. ನಿನಗೆ ಅಡಿ ಲೆಕ್ಕ ಇಷ್ಟ ಅಲ್ವಾ" ಎಂದಳು. ಆ ಮಾತಿನ ಕೊನೆಯಲ್ಲಿ ಬೇಬಿ ಇರಲಿಲ್ಲ. ಉಳಿದ ಎರಡು ವಾರವೂ ಗಂಜಿ ಹೊತ್ತಿಗೆ ಸರಿಯಾಗಿ ಬಂತು. ಬೆಣ್ಣೆಯೂ ಬಂತು. ಅವಳು ಮಾತ್ರ ಎದುರಿಗೆ ಕೂರಲಿಲ್ಲ.

ಮತ್ತೆ ಸೂಲಿಬೆಲೆ

ಬಂದವಳನ್ನು ಊರು ಮರಳಿನ ವಿಷಯ ಕೇಳಿತು. ಸಿಗಲಿಲ್ಲ ಎಂದೆ. "ನಾನ್ ಹೇಳ್ಲಿಲ್ವಾ" ಎಂದರು ಯಜಮಾನರು. ಅತ್ತೆ ಕಾಯಿಯ ವಿಷಯ ಕೇಳಿದರು. ಒಡೆದೆ ಎಂದು ಸುಳ್ಳು ಹೇಳಿದೆ. ಇಷ್ಟೆಲ್ಲ ಆದ ಮೇಲೂ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ರೇಗಿತು. ಮರುದಿನ ನಿಜ ಹೇಳಿದೆ. ಅವರು ಮೂರು ದಿನ ಮುಖ ತಿರುಗಿಸಿಕೊಂಡಿದ್ದರು.

ಮೊದಲ ಕರೆ ನಂದಗುಡಿಯ ಕಡೆಯ ಒಬ್ಬ ದ್ರಾಕ್ಷಿ ತೋಟದವರದು. ಸರಳು ನೆಟ್ಟೆ, ತಂತಿ ಎಳೆದೆ, ಸಂಜೆಯವರೆಗೆ ಅಳೆದು ಒಂದು ಕಡೆ ಕಲ್ಲಿಟ್ಟೆ. ಅವರು ಎಂದಿನಂತೆ ಕೇಳಿದರು.

"ಎಷ್ಟಡಿಗೆ ಬೀಳುತ್ತೆ ಮೇಡಂ?"

"ಗೊತ್ತಿಲ್ಲಪ್ಪ."

"ಹಂಗಂದ್ರೆ?"

"ಜಾಗ ಇದು. ಇಲ್ಲಿ ಸಿಗಬಹುದು. ಎಷ್ಟಡಿಗೆ ಅಂತ ಕೊರೆದ ಮೇಲೇ ಗೊತ್ತಾಗೋದು. ಸಿಗ್ದೇನೂ ಇರ್ಬಹುದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ ಮೇಡಂ ನೀವು, ಮುಂಚೆ ಎಷ್ಟ್ ಚೆನ್ನಾಗ್ ಹೇಳ್ತಿದ್ರಿ. ಅಮೆರಿಕಕ್ಕೆ ಹೋಗ್ಬಂದು ಇರೋದೂ ಮರ್ತ್‌ಬಿಟ್ರಾ?" ಎಂದರು. ಮಾರನೆಯ ದಿನ ಮುನಿಶಾಮಣ್ಣನನ್ನು ಕರೆಸಿದರಂತೆ. ಕಾಯಿ ನನ್ನ ಕಲ್ಲಿನ ಮೇಲೇ ಎದ್ದು ನಿಂತಿತಂತೆ. ಏಳುನೂರಿಪ್ಪತ್ತಡಿ ಎಂದರಂತೆ. ನೀರು ಬಿದ್ದದ್ದು ಏಳುನೂರ ಮೂವತ್ತಕ್ಕೆ. ಊರಲ್ಲೆಲ್ಲ ಈಗ ಅದೇ ಮಾತು. ನನಗೆ ಕೆಲಸ ಕಡಿಮೆಯಾಗಿದೆ. ಆದರೂ ಅಡಿ ಹೇಳುವುದಿಲ್ಲ.

ಡೋರಿಸ್ ಮಾತಿಗೆ ತಪ್ಪಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಒಂದು ಪೋಸ್ಟ್‌ಕಾರ್ಡು ಬರುತ್ತದೆ. ಮೊದಲನೆಯದರಲ್ಲಿ ಐವತ್ತೇಳು ಅಡಿ ಎಂದಿತ್ತು, ಬೇರೆ ಒಂದಕ್ಷರ ಇಲ್ಲ. ಆಮೇಲೆ ಐವತ್ತು. ಒಂದು ಬಿರುಗಾಳಿ ಹೋದ ಮೇಲೆ ಮೂವತ್ತಮೂರು. ಪ್ರತಿ ಸಲವೂ ನಾನು ಉದ್ದನೆಯ ಕಾಗದ ಬರೆಯುತ್ತೇನೆ, ಕ್ಷಮೆ ಕೇಳುತ್ತೇನೆ, ಹೊಸ ಪಟ್ಟಿ ಏನಾಯಿತು ಎಂದು ವಿಚಾರಿಸುತ್ತೇನೆ, ಮನೆ ಬಿಟ್ಟು ಬಂದುಬಿಡು ಎಂದು ಬೇಡುತ್ತೇನೆ. ಅದಕ್ಕೆಲ್ಲ ಉತ್ತರವಾಗಿ ಇನ್ನೊಂದು ಅಡಿ ಬರುತ್ತದೆ.

ಮೊನ್ನೆ ಬಂದ ಕಾರ್ಡಿನಲ್ಲಿ ಹತ್ತೊಂಬತ್ತು ಅಡಿ ಎಂದಿದೆ. ಕೆಳಗೆ ಮೊದಲ ಬಾರಿಗೆ ಒಂದು ಸಾಲು ಜಾಸ್ತಿ ಬರೆದಿದ್ದಾಳೆ. ಈ ಸಲದ ಅಳತೆ ಹಿಂಬಾಗಿಲಿನಿಂದ ತೆಗೆದದ್ದಂತೆ, ಮೆಟ್ಟಿಲುಗಳು ಈಗ ಇಲ್ಲ.